ಅಂಗಿ ಕಳಚುವವನ ಮೊಣಕೈ

“ಇದನ್ನ ಬಳಿದೋನು ಯಾರ್ರೀ? ಕೋಳಿಗೂಡಿಗೆ ಸುಣ್ಣ ಹೊಡೆಯೋನನ್ನ ತಂದು ಇಲ್ಲಿ ನಿಲ್ಲಿಸಿದೀರಾ?” ಎಂದು ದುರಸ್ತಿಯ ಉಸ್ತುವಾರಿಯ ಪ್ರೊಫೆಸರ್ ಬ್ರಾಂದೊಲಿಸಿ ಕೇಳಿದಾಗ, ದೀಕ್ಷಾಸ್ನಾನದ ಹಳೆಯ ಮಂದಿರದೊಳಗೆ ಸಾರವೆಯ ತುತ್ತತುದಿಯ ಹಲಗೆಯ ಮೇಲೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದವರೆಲ್ಲ ನಕ್ಕರು. ನಗರಸಭೆಯ ಅಧ್ಯಕ್ಷೆ ಬಾಯಿಬಿಟ್ಟು ನಕ್ಕಳು. ಫಾದರ್ ಪ್ರೀಮೊ, ಪಾದ್ರಿಗಳು ಹೀಗೆಲ್ಲ ನಗಬಾರದೆಂಬ ನೆನಪಿದ್ದುದರಿಂದ, ಕೆಮ್ಮಿನೊಳಗೆ ನಕ್ಕರು. ಏನೂ ಅರ್ಥವಾಗದ ಇಬ್ಬರು ಪತ್ರಕರ್ತರು ಎಲ್ಲರಿಗಿಂತ ಜೋರಾಗಿ ನಕ್ಕರು. ಎರ್ಮೆಸ್ ಅವರ ಹಿಂದೆಯೇ, ಗುಮ್ಮಟದ ಬಾಗು ತಲೆಗೆ ತಾಗದಂತೆ ಕುತ್ತಿಗೆ ಬಗ್ಗಿಸಿಕೊಂಡು ನಿಂತಿದ್ದ. ಅಷ್ಟು ಜನರಲ್ಲಿ ಕುಂಚ ಹಿಡಿದವನು ಅವನೊಬ್ಬನೇ ಆದ್ದರಿಂದ ಪ್ರಶ್ನೆಗೆ ಉತ್ತರ ಹುಡುಕುವ ತ್ರಾಸು ಯಾರಿಗೂ ಬೀಳಲಿಲ್ಲ. ಪ್ರೊಫೆಸರರ ಬೆರಳು ತೋರಿಸುತ್ತಿದ್ದುದು ಜೋರ್ಡನ್ ನದಿಯ ದಡದಲ್ಲಿ ದೀಕ್ಷಾಸ್ನಾನಕ್ಕೆ ಸರದಿ ಕಾಯುತ್ತ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದ ಒಬ್ಬ ಮನುಷ್ಯನನ್ನು. ಅಂಗಿ ತಲೆಯಲ್ಲಿ ಸಿಕ್ಕಿಕೊಂಡಿದೆ, ಮುಖವೇ ಇಲ್ಲ, ಮೇಲೆತ್ತಿದ ಎರಡು ತೋಳು ಮಾತ್ರ ಇವೆ. ಅದರಲ್ಲಿ ಒಂದರ ಮೊಣಕೈ, ಮನುಷ್ಯರ ಮೊಣಕೈ ಮಡಚಬಾರದ ಕಡೆಗೆ, ಮುರಿದ ಕೊಡೆಯ ಕಡ್ಡಿಯ ಹಾಗೆ ಮಡಚಿಕೊಂಡಿದೆ. “ನೀನಾ? ಹೆಸರೇನು ನಿಂದು?” ಎಂದರು ಪ್ರೊಫೆಸರರು. ಎರ್ಮೆಸ್‌ನ ಜೊತೆ ಕೆಲಸ ಮಾಡುವ, ಡಿಪ್ಲೊಮಾ ಇದ್ದ ಲುದೊವಿಕಾಳನ್ನು ಅವರು ‘ನೀವು’ ಎನ್ನುತ್ತಿದ್ದರು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಎರ್ಮೆಸ್‌ಗೆ ‘ನೀನು’ ಸಾಕಾಗಿತ್ತು. ಹದಿನೈದಕ್ಕೆ ಶಾಲೆ ಬಿಟ್ಟವರಿಗೆ ಬಹುವಚನ ವ್ಯರ್ಥವೆಂದು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೇನೋ.

ಪ್ರೊಫೆಸರರು ಸುಮ್ಮನೆ ಬೈಯುವವರಲ್ಲ, ಸಾಕ್ಷ್ಯ ಸಮೇತ ಬೈಯುವವರು. ಕೈಯಲ್ಲಿದ್ದ ಹಾನಿಯ ನಕ್ಷೆಯನ್ನು ಬಿಚ್ಚಿ ಹಿಡಿದರು. ಚಿತ್ರದಲ್ಲಿ ಎಲ್ಲೆಲ್ಲಿ ಬಣ್ಣ ಉದುರಿ ಬರೀ ಗಾರೆ ಉಳಿದಿತ್ತು ಎಂಬುದನ್ನು ಅದರಲ್ಲಿ ಕೆಂಪಾಗಿ ಗುರುತು ಮಾಡಿತ್ತು. “ನೋಡಿ, ಮೊಣಕೈ ಜಾಗದಲ್ಲಿ ಅಂಗೈಯಗಲ ಏನೂ ಇರಲಿಲ್ಲ. ಅಂದ್ರೆ ಇಲ್ಲಿ ಕಾಣ್ತಿರೋದು ಈ ಮಹಾಶಯನ ಕೆಲಸ. ಸರಿ, ತುಂಬ್ಲಿ. ಆದ್ರೆ ಗೆರೆ ಎಲ್ಲಿ? ಗೆರೆ?” ಎಂದರು. ಗೆರೆಯ ವಿಷಯ ಎರ್ಮೆಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಚಿತ್ರದ ಉದುರಿದ ಭಾಗವನ್ನು ತುಂಬುವವನು ಕೂದಲೆಳೆಯ ಉದ್ದುದ್ದ ಗೆರೆಗಳಿಂದಲೇ ತುಂಬಬೇಕು. ಕೆಳಗೆ ನಿಂತು ನೋಡುವವನಿಗೆ ಚಿತ್ರ ಪೂರ್ತಿಯಾಗಿ ಕಾಣಬೇಕು, ಹತ್ತಿರ ಬಂದವನಿಗೆ ಗೆರೆಗಳು ಕಂಡು, ಇದು ಮೂಲದ್ದಲ್ಲ, ನಿನ್ನೆ ಮೊನ್ನೆ ಯಾರೋ ಬಾಡಿಗೆಯವನು ಎಳೆದದ್ದು ಎಂದು ತಿಳಿಯಬೇಕು. ಎಂಟು ವರ್ಷದಿಂದ ಅವನು ಗೆರೆ ಎಳೆಯುತ್ತಿದ್ದ. ಪ್ರತಿಯೊಂದು ಗೆರೆಯೂ ‘ನಾನಲ್ಲ, ನಾನಲ್ಲ, ನಾನು ಯಾರೂ ಅಲ್ಲ’ ಎಂದು ಕೈಮುಗಿದು ಹೇಳುವ ಗೆರೆ. ಆದರೆ ಈಗ ಅವನು ನೋಡುತ್ತಿದ್ದುದು ನಕ್ಷೆಯನ್ನು. ನಕ್ಷೆ ಮಗುಚಿತ್ತು. ಲುದೊವಿಕಾ ಮಾರ್ಚ್ ತಿಂಗಳಲ್ಲಿ ಇದೇ ಹಲಗೆಯ ಮೇಲೆ ಅಂಗಾತ ಮಲಗಿ, ಪಾರದರ್ಶಕ ಹಾಳೆಯನ್ನು ಗುಮ್ಮಟಕ್ಕೆ ಒತ್ತಿ ಹಿಡಿದು ಉದುರಿದ ಜಾಗಗಳ ಅಂಚು ಎಳೆದುಕೊಂಡಿದ್ದಳು. ಆಮೇಲೆ ಕಚೇರಿಯ ಮೇಜಿನ ಮೇಲೆ ಆ ಹಾಳೆಯನ್ನು ಹಿಂದುಮುಂದಾಗಿ ಇಟ್ಟು ನಕಲು ಮಾಡಿದ್ದಾಳೆ. ಮೇಲೆ ನೋಡಿ ಎಳೆದದ್ದನ್ನು ಕೆಳಗೆ ನೋಡಿ ಇಟ್ಟಾಗ ಎಡ ಬಲವಾಯಿತು, ಬಲ ಎಡವಾಯಿತು. ನಡುವೆ ನೀರಿನಲ್ಲಿ ಯೇಸು. ಎಡಕ್ಕೆ ಅಂಗಿ ಕಳಚುವವನು. ಬಲಕ್ಕೆ, ಒರೆಸುವ ಬಟ್ಟೆ ಹಿಡಿದು ಕಾಯುವ ದೇವದೂತ. ತಕ್ಕಡಿಯ ಹಾಗೆ ಎರಡೂ ಕಡೆ ಸಮತೂಕದ ಚಿತ್ರ. ನಿಜವಾಗಿ ಉದುರಿದ್ದುದು ದೇವದೂತನ ಕೈ. ಮೊಣಕೈಗೆ ಏನೂ ಆಗಿರಲಿಲ್ಲ, ಮೇಣದಬತ್ತಿಯ ಮಸಿಯ ಕೆಳಗೆ ತನ್ನ ಪಾಡಿಗೆ ವಕ್ರವಾಗಿ ಇತ್ತು, ಅಷ್ಟೆ. ಏಳುನೂರೈವತ್ತು ವರ್ಷದಿಂದ ವಕ್ರವಾಗಿತ್ತು.

“ಈಗ ಈ ಕಡೆ ಬನ್ನಿ,” ಎಂದು ಪ್ರೊಫೆಸರರು ಜನರನ್ನು ಬಲಕ್ಕೆ ಕರೆದೊಯ್ದರು. ದನಿ ಬದಲಾಯಿತು, ಪೂಜೆಯ ದನಿ. “ಇಲ್ಲಿ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆಯೂ ಇಲ್ಲ. ಪೂರ್ತಿ ಮೂಲ. ಈ ಕೈ ನೋಡಿ. ಬಟ್ಟೆ ಹಿಡಿದಿದೆ, ಆದರೆ ಹಿಡಿದ ಹಾಗಿಲ್ಲ, ಬಟ್ಟೆಯೇ ಬಂದು ಕೈಯಲ್ಲಿ ಕೂತ ಹಾಗಿದೆ. ಹೆಬ್ಬೆರಳ ನೆರಳು ನೋಡಿ. ಇದು ಈ ಗುಮ್ಮಟ ಬರೆದ ಮಹಾಗುರುವಿನದೇ ಕೈ. ಪಕ್ಕದ ಪಾರ್ಮಾದವರ ಹತ್ರ ಗುಲಾಬಿ ಕಲ್ಲಿನ ಮಂದಿರ ಇದೆ, ಪ್ರವಾಸಿಗಳಿದಾರೆ, ಇಂಥ ಕೈ ಇಲ್ಲ.” ಪಾರ್ಮಾದವರ ಹತ್ತಿರ ಏನೋ ಒಂದು ಇಲ್ಲ ಎಂದು ಕೇಳಿದ ಅಧ್ಯಕ್ಷೆಯ ಕಣ್ಣು ತೇವವಾಯಿತು. ಎರ್ಮೆಸ್‌ನ ಕಿವಿ ಬಿಸಿಯಾಯಿತು. ಆ ಕೈಯನ್ನು ಅವನು ಜೂನ್ ತಿಂಗಳ ಒಂದು ಬುಧವಾರ, ಊಟದ ನಂತರ, ನೀರುಬಣ್ಣದಲ್ಲಿ ಬರೆದಿದ್ದ. ಗೆರೆ ಇಲ್ಲದೆ. ಯಾಕೆ ಗೆರೆ ಇಲ್ಲದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವನ ಬಳಿ ಒಂದು ಕಾರಣವೂ ಇರಲಿಲ್ಲ. ಮೋಸ ಮಾಡಬೇಕೆಂದಿರಲಿಲ್ಲ, ಹಠವೂ ಇರಲಿಲ್ಲ. ನಾಲ್ಕು ಗೆರೆ ಎಳೆದಿದ್ದ. ಐದನೆಯದು ಬಾಗಿತು. ಬಾಗಿದ್ದು ಚೆನ್ನಾಗಿತ್ತು. ಆಮೇಲೆ ಎರಡು ಗಂಟೆ ಅವನಿಗೆ ತಾನಿರುವುದೇ ಮರೆತುಹೋಗಿತ್ತು, ಎಚ್ಚರವಾದಾಗ ಕೈಯೊಂದು ಎದುರಿಗಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಸುಖವಾಗಿದ್ದ ಎರಡು ಗಂಟೆ. ಮರುದಿನವೇ ಒರೆಸಬೇಕೆಂದುಕೊಂಡ, ಮರುದಿನ ನೋಡಿದ, ಅದರ ಮರುದಿನವೂ ನೋಡಿದ. ಈಗ ಇಡೀ ಊರು ನೋಡುತ್ತಿದೆ. ಹುಟ್ಟಿದಾರಭ್ಯ ಅವನಿಗೆ ಸಿಕ್ಕ ಮೊದಲ ಹೊಗಳಿಕೆ, ಸತ್ತವನೊಬ್ಬನ ವಿಳಾಸಕ್ಕೆ ಬಟವಾಡೆಯಾಗಿತ್ತು. ಸತ್ತವನ ಪಾಲಿನ ಬೈಗುಳ ಇವನ ಮನೆಗೆ ಬಂದಿತ್ತು.

“ಮೂರು ಗಂಟೆಗೆ ಮತ್ತೆ ಹತ್ತಿ ಬರ್ತೀನಿ,” ಎಂದು ಪ್ರೊಫೆಸರರು ಇಳಿಯುವ ಮುನ್ನ ಎರ್ಮೆಸ್‌ನ ಕಡೆ ನೋಡದೆಯೇ ಹೇಳಿದರು. “ಅಷ್ಟೊತ್ತಿಗೆ ಆ ಮೊಣಕೈ ಅಲ್ಲಿರಬಾರದು. ಬ್ಲೇಡಲ್ಲಿ ಕೆರೆದು ಹಾಕು. ಗಾರೆ ಕಾಣ್ಬೇಕು ನಂಗೆ.”

ಆಗ ಹನ್ನೊಂದೂವರೆ. ಕೆಲಸದ ಗುತ್ತಿಗೆ ಹಿಡಿದಿದ್ದ ಮೇಸ್ತ್ರಿ ನೇವಿಯೊ ಮಂಡಿನೋವಿನಿಂದಾಗಿ ಎರಡನೆಯ ಅಂತಸ್ತಿಗಿಂತ ಮೇಲೆ ಹತ್ತುತ್ತಿರಲಿಲ್ಲ. ಕೆಳಗೆ, ದೀಕ್ಷಾಸ್ನಾನದ ಎಂಟು ಮೂಲೆಯ ಕಲ್ಲುತೊಟ್ಟಿಯ ಅಂಚಿನ ಮೇಲೆ ಕೂತು ಹಂದಿತೊಡೆಯ ಮಾಂಸ ಇಟ್ಟ ಬ್ರೆಡ್ಡು ತಿನ್ನುತ್ತಿದ್ದ. ತೊಟ್ಟಿಯ ಮೇಲೆ ಕೂರಬಾರದೆಂದು ಫಾದರ್ ಪ್ರೀಮೊ ಬರೆಸಿದ್ದ ಫಲಕದ ಮೇಲೆ ಅವನ ಲಾಂಬ್ರುಸ್ಕೊ ವೈನಿನ ಬಾಟಲಿ ಇತ್ತು. ಎರ್ಮೆಸ್ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ನಕ್ಷೆ ಮಗುಚಿದ್ದು, ಮೊಣಕೈ ಮೂಲದ್ದು, ಕೈ ತನ್ನದು. ನೇವಿಯೊ ಅಗಿಯುವುದನ್ನು ನಿಲ್ಲಿಸಿದ. ಮುಖ ಮೇಲೆತ್ತಿ, ಆರು ಅಂತಸ್ತಿನ ಕೊಳವೆ ಹಲಗೆಗಳ ಸಂದಿಯಲ್ಲಿ ಕಾಣದ ಗುಮ್ಮಟವನ್ನು ನೋಡಿದ.

“ಆ ಕೈ ನಿಂದಾ?”

“ನಂದೇ ಮೇಸ್ತ್ರಿ.”

“ಹೆಬ್ಬೆರಳೂ?”

“ಹೆಬ್ಬೆರಳನ್ನ ಬೇರೆಯವ್ರಿಗೆ ಗುತ್ತಿಗೆ ಕೊಟ್ಟಿದ್ನಾ? ಎಲ್ಲಾ ನಂದೇ.”

ಮುದುಕನ ಮುಖದ ಮೇಲೆ ಒಂದು ಕ್ಷಣ, ಮಗ ಮೊದಲ ಸಲ ಸೈಕಲ್ ಹೊಡೆದದ್ದನ್ನು ನೋಡಿದ ಅಪ್ಪನ ಕಳೆ ಬಂದು ಹೋಯಿತು. ಬಂದು ಹೋಯಿತು ಎನ್ನುವುದೇ ಮುಖ್ಯ. ಆಮೇಲೆ ಅವನು ಬಾಯಿ ಒರೆಸಿಕೊಂಡ. “ಕೇಳು, ಕತ್ತೆ. ನಿನ್ನ ಅನುಭವ ಪತ್ರ ಬ್ರಾಂದೊಲಿಸಿ ಮೇಜಿನ ಮೇಲಿದೆ. ಈ ಕೆಲಸ ಮುಗಿದ ದಿನ ಸಹಿ ಹಾಕ್ತೀನಿ ಅಂದಿದಾನೆ. ಸಹಿ ಬಿದ್ರೆ ಡಿಪ್ಲೊಮಾ ಇಲ್ದಿದ್ರೂ ನಿನ್ ಹೆಸರು ಚಿತ್ರ ದುರಸ್ತಿಗಾರರ ಸರ್ಕಾರಿ ಪಟ್ಟಿಗೆ ಸೇರತ್ತೆ, ನಕ್ಷೆಗೆ ನೀನೇ ಸಹಿ ಹಾಕ್ಬೋದು. ಬೀಳ್ಲಿಲ್ಲ ಅಂದ್ರೆ ಅರವತ್ತು ವರ್ಷಕ್ಕೂ ನೀನು ಕೂಲಿ. ನಾನು ಕಾಲು ಹಿಡ್ಯೋದೊಂದು ಬಾಕಿ ಇಟ್ಟಿದ್ದೆ, ಗೊತ್ತಾ?”

“ಹಾಗಾದ್ರೆ ಮೊಣಕೈ?”

“ಅದೇನು ಚೆನ್ನಾಗಿದ್ಯಾ?”

ಎರ್ಮೆಸ್ ಉಗುರಿಗಂಟಿದ ಬಣ್ಣ ಕೆರೆದುಕೊಂಡ.

“ಹೇಳು, ಚೆನ್ನಾಗಿದ್ಯಾ? ಇಲ್ಲ ಅಲ್ವಾ? ಯಾವನೋ ಕುಡ್ದು ಬರ್ದಿದಾನೆ. ಕೆರೆದು ಬಿಸಾಕು. ಅಂಗೈಯಗಲ ಗಾರೆಗೆ ಯಾರೂ ಅಳಲ್ಲ.” ಉಳಿದ ಅರ್ಧ ಬ್ರೆಡ್ಡನ್ನು ಮೇಸ್ತ್ರಿ ಅವನ ತೊಡೆಯ ಮೇಲಿಟ್ಟ. ಹಳೆಯ ಗಾರೆಯ ಒಂದು ಚೂರು ನೆಲಕ್ಕೆ ಬಿದ್ದರೆ ಕಾಗದದಲ್ಲಿ ಸುತ್ತಿ, ತಾರೀಖು ಬರೆದು, ಡಬ್ಬಿಯಲ್ಲಿ ಇಡಬೇಕೆಂದು ಎರ್ಮೆಸ್‌ನ ಕೈಗೆ ಹೊಡೆದು ಕಲಿಸಿದವನು ಇದೇ ಮನುಷ್ಯ. ಮಾಂಸ ಚೆನ್ನಾಗಿತ್ತು. ಅದು ಚೆನ್ನಾಗಿದೆ ಎಂದು ತನ್ನ ನಾಲಿಗೆಗೆ ಇಂಥ ಹೊತ್ತಿನಲ್ಲೂ ಗೊತ್ತಾಗುವುದರ ಬಗ್ಗೆ ಎರ್ಮೆಸ್‌ಗೆ ಸಿಟ್ಟು ಬಂತು.

ಲುದೊವಿಕಾ ಹೊರಗೆ, ಉತ್ತರದ ಬಾಗಿಲ ಬಳಿ ಸಿಗರೇಟು ಸೇದುತ್ತಿದ್ದಳು. ಅವಳ ತಲೆಯ ಮೇಲೆ ಕಲ್ಲಿನಲ್ಲಿ ಕೊರೆದ ಹನ್ನೆರಡು ತಿಂಗಳು, ತಿಂಗಳಿಗೊಬ್ಬ ದುಡಿಯುವವನಂತೆ, ಸಾಲಾಗಿ ಕೂತಿದ್ದವು. ಫೆಬ್ರವರಿ ದ್ರಾಕ್ಷಿಬಳ್ಳಿ ಕತ್ತರಿಸುತ್ತಿತ್ತು, ಸೆಪ್ಟೆಂಬರ್ ಹಣ್ಣು ತುಳಿಯುತ್ತಿತ್ತು, ಡಿಸೆಂಬರ್ ಹಂದಿ ಕೊಯ್ಯುತ್ತಿತ್ತು. ಅವುಗಳಲ್ಲಿ ಒಂದೂ ನೋಡುವವರ ಕಡೆ ತಿರುಗಿ ನಗುವುದಿಲ್ಲ, ಎಲ್ಲಕ್ಕೂ ಬೆನ್ನುನೋವು. ಪ್ರತಿದಿನ ಬೆಳಿಗ್ಗೆ ಇವುಗಳ ಕೆಳಗೆ ಹಾದುಹೋಗುವಾಗ ಎರ್ಮೆಸ್‌ಗೆ ಟೈಲ್ಸ್ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿನ ಗೇಟು ನೆನಪಾಗುತ್ತಿತ್ತು, ಗೇಟಿನಿಂದ ಹೊರಬರುವ ಅಪ್ಪನೂ. ಅವನು ನಕ್ಷೆಯ ವಿಷಯ ಹೇಳಿದಾಗ ಲುದೊವಿಕಾ ಮೊದಲು ನಕ್ಕಳು, ಆಮೇಲೆ ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದಳು, ಆಮೇಲೆ ಸಿಗರೇಟನ್ನು ಇನ್ನೂ ಅರ್ಧವಿರುವಾಗಲೇ ಗೋಡೆಗೆ ಒತ್ತಿದಳು.

“ನಾನೇ ಮಗುಚಿಟ್ನಾ?”

“ನೀನೇ.”

“ಅಯ್ಯೋ ದೇವ್ರೇ. ನನ್ನ ಮೊದಲ್ನೇ ಸಹಿ ಕಣೋ ಅದು. ಅಮ್ಮ ಅದರ ಫೋಟೊ ತೆಗ್ದು ಫ್ರಿಜ್ ಮೇಲೆ ಅಂಟಿಸಿದಾಳೆ.” ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಆಮೇಲೆ ತೆಗೆದಳು. “ನಾನೇ ಹೇಳ್ತೀನಿ. ಮೂರು ಗಂಟೆಗೆ. ತಪ್ಪು ನಂದು. ನೀನು ಬಾಯಿ ಬಿಡ್ಬೇಡ. ಕೈ ನಿಂದು ಅಂತ ಗೊತ್ತಾದ್ರೆ ನಿನ್ನನ್ನ ಇನ್ನು ಗೋಡೆ ಹತ್ರಾನೂ ಬಿಡಲ್ಲ.” ಅವಳು ಹೇಳುತ್ತಾಳೆಂದು ಎರ್ಮೆಸ್ ನಂಬಿದ. ನಂಬಿದ ಕೂಡಲೇ, ಅವಳು ಹೇಳಿದರೆ ಎಲ್ಲರೂ ನಕ್ಷೆಯನ್ನು ತಿರುಗಿಸಿ ಹಿಡಿಯುತ್ತಾರೆ, ಕೆಂಪು ಗುರುತು ದೇವದೂತನ ಕೈಯ ಮೇಲೆ ಬೀಳುತ್ತದೆ, ಆಗ ಆ ಕೈ ಯಾರದೆಂದು ಜಗತ್ತಿಗೆ ಗೊತ್ತಾಗುತ್ತದೆ ಎಂದು ಹೊಳೆಯಿತು. ಹೊಳೆದಾಗ ಮೈಯಲ್ಲಿ ಓಡಿದ್ದು ಭಯವಲ್ಲ. ಅದು ಭಯವಲ್ಲ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು.

ಒಂದೂವರೆಗೆ ಅವನೊಬ್ಬನೇ ಮತ್ತೆ ಹತ್ತಿದ. ಬ್ಲೇಡು ತಂದಿದ್ದ, ಮೊಣಕೈಯ ಮುಂದೆ ಕೂತ. ಅಷ್ಟು ಹತ್ತಿರದಿಂದ ನೋಡಿದರೆ ಮಾತಾಡದ ಗಾರೆಯಿಲ್ಲ. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಾಕಬೇಕು, ದಿನಕ್ಕೆ ಎಷ್ಟಾಗುತ್ತದೋ ಅಷ್ಟೇ ಮೆತ್ತಬೇಕು. ಆ ದಿನದ ತೇಪೆಯ ಅಂಚು ಮನುಷ್ಯನ ತೋಳಿನ ಸುತ್ತ ಇನ್ನೂ ಕಾಣುತ್ತಿತ್ತು. ತೇಪೆ ದೊಡ್ಡದು. ಒಬ್ಬನ ಒಂದು ದಿನಕ್ಕೆ ತೀರಾ ದೊಡ್ಡದು. ಯಾರೋ ಕೆಳಗಿನಿಂದ ‘ಇವತ್ತೇ ಮುಗೀಬೇಕು’ ಎಂದು ಕಿರುಚಿದ್ದಾರೆ. ಯೇಸುವಿನ ಮುಖ ಮಹಾಗುರುವಿಗೆ, ದೇವದೂತರು ಮಹಾಗುರುವಿನ ಅಳಿಯನಿಗೆ, ಸರದಿ ಕಾಯುವ ಮುಖವಿಲ್ಲದವನು ಹೆಸರಿಲ್ಲದ ಯಾವನೋ ಕೂಲಿಯವನಿಗೆ. ಸಂಜೆಯಾಗಿದೆ, ಬೆಳಕು ಹೋಗಿದೆ, ಗಾರೆ ಬಿಗಿಯುತ್ತಿದೆ, ಕುಂಚ ಎಳೆದಲ್ಲಿ ಬಣ್ಣ ಬೆಳಗಿನಷ್ಟು ಬೇಗ ಹೀರಿಕೊಳ್ಳುತ್ತಿಲ್ಲ, ಮೊಣಕೈ ತಪ್ಪು ಕಡೆಗೆ ಹೋಗಿದೆ, ಹೋಗಿದೆ ಎಂದು ಗೊತ್ತೂ ಆಗಿದೆ. ತಿದ್ದಲು ಹೊತ್ತಿಲ್ಲ. ಮರುದಿನ ಬೆಳಿಗ್ಗೆ ಜನರೆದುರು ಅವನಿಗೆ ಏನು ಅಂದಿರಬಹುದೆಂಬುದನ್ನು ಊಹಿಸಲು ಎರ್ಮೆಸ್‌ಗೆ ಡಿಪ್ಲೊಮಾ ಬೇಕಿರಲಿಲ್ಲ. ಆದರೂ ಅಂಗಿ ಕಳಚುವುದೆಂದರೆ ಹೀಗೇ, ಎಂದುಕೊಂಡ. ಒದ್ದೆ ಅಂಗಿಯನ್ನು ಗಡಿಬಿಡಿಯಲ್ಲಿ ಎಳೆದುಕೊಂಡವನಿಗೆ ಆ ಒಂದು ಕ್ಷಣ ತೋಳು ಯಾವ ಕಡೆಗೆ ಮಡಚುತ್ತದೆಂದು ತಿಳಿಯುವುದಿಲ್ಲ, ಲೋಕ ಬರೀ ಬಟ್ಟೆಯ ಕತ್ತಲೆ. ಮಹಾಗುರುವಿಗೆ ಅದು ಗೊತ್ತಿರಲಿಲ್ಲ. ಅವನ ಅಂಗಿಯನ್ನು ಬೇರೆಯವರು ಕಳಚುತ್ತಿದ್ದರು.

ಎರ್ಮೆಸ್‌ಗೂ ಇಲ್ಲಿಯೇ ದೀಕ್ಷಾಸ್ನಾನವಾಗಿತ್ತು, ಕಳ್ಳತನದಲ್ಲಿ. ಅಪ್ಪ ವಾಸ್ಕೊ ಕಮ್ಯುನಿಸ್ಟ್ ಪಕ್ಷದ ಕಾರ್ಡು ಇದ್ದವನು, ಮಗನ ತಲೆಗೆ ಪಾದ್ರಿಯ ನೀರು ಬೀಳಬಾರದೆಂದು ಅಡುಗೆಮನೆಯಲ್ಲಿ ಮೇಜು ಕುಟ್ಟಿ ಹೇಳಿದ್ದ. ಅವನು ಮಧ್ಯಾಹ್ನದ ಪಾಳಿಗೆ ಹೋದದ್ದೇ ತಡ, ಅಜ್ಜಿ ಮಗುವನ್ನು ಶಾಲಿನಲ್ಲಿ ಸುತ್ತಿ, ತರಕಾರಿಗೆಂದು ಹೇಳಿ ಇಲ್ಲಿಗೆ ತಂದಳಂತೆ. ಫಾದರ್ ಪ್ರೀಮೊ ನಾಲ್ಕು ನಿಮಿಷದಲ್ಲಿ ಮುಗಿಸಿದರಂತೆ. ಗೊತ್ತಾದಾಗ ಅಪ್ಪ ಅಜ್ಜಿಗೆ ಹೇಳಿದ್ದು ಇಷ್ಟೇ: “ಒದ್ದೆಯಾಗಿದ್ದು ಒಣಗತ್ತೆ ಬಿಡಿ ಅತ್ತೆ.” ಆಮೇಲೆ ಒಂದು ತಿಂಗಳು ಅವಳು ಮಾಡಿದ ಸಾರು ಮುಟ್ಟಲಿಲ್ಲ. ಒಂಬತ್ತು ವರ್ಷದ ಹಿಂದೆ ಎರ್ಮೆಸ್ ಶಾಲೆ ಬಿಡುತ್ತೇನೆ ಎಂದಾಗ ಇದೇ ಅಪ್ಪ ಮೇಜು ಕುಟ್ಟಲಿಲ್ಲ, ಕಾರ್ಖಾನೆಯ ಬೂಟು ಬಿಚ್ಚುತ್ತ ಒಂದು ಬೂಟಿನ ದಾರ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಈಗ ಬ್ಲೇಡಿನ ತುದಿ ಮೊಣಕೈಯ ಕೆಂಪು ಮಣ್ಣಿನ ಬಣ್ಣಕ್ಕೆ ತಾಗಿತ್ತು. ಒಂದು ಸಲ ಎಳೆದರೆ ಸಾಕು, ಪಟ್ಟಿಯಲ್ಲಿ ಹೆಸರು. ಇದು ಯಾರದೂ ಅಲ್ಲ, ಇದಕ್ಕೆ ಹೆಸರಿಲ್ಲ, ಚೆನ್ನಾಗಿಯೂ ಇಲ್ಲ. ಮೂರಕ್ಕೆ ಹತ್ತು ನಿಮಿಷವಿರುವವರೆಗೂ ಅವನು ಹಾಗೆಯೇ ಕೂತಿದ್ದ.

ಮೂರಕ್ಕೆ ಸರಿಯಾಗಿ ಹೆಲ್ಮೆಟ್ಟುಗಳು ಹತ್ತಿ ಬಂದವು. ಈ ಸಲ ನೇವಿಯೊನೂ ಬಂದಿದ್ದ, ಮಂಡಿ ಹಿಡಿದುಕೊಂಡು, ಉಬ್ಬಸ ಬಿಡುತ್ತ. ಶಿಷ್ಯ ತಪ್ಪು ಮಾಡದಂತೆ ಕಾಯಲು ಮನುಷ್ಯ ಆರು ಏಣಿ ಹತ್ತಿದ್ದ. ಮೊಣಕೈ ಇದ್ದಲ್ಲೇ ಇತ್ತು. ಪ್ರೊಫೆಸರರು ಗಡಿಯಾರ ನೋಡಿದರು. “ಏನಪ್ಪಾ, ನಿಂಗೆ ನನ್ನ ಭಾಷೆ ಅರ್ಥ ಆಗಲ್ವೋ, ಇಲ್ಲ ಬ್ಲೇಡು ಹಿಡ್ಯೋಕೂ ಬರಲ್ವೋ?”

ಎರ್ಮೆಸ್ ಲುದೊವಿಕಾಳ ಕಡೆ ನೋಡಿದ. ಲುದೊವಿಕಾ ಬಾಯಿ ತೆರೆದಳು. ಪ್ರೊಫೆಸರರು ಅವಳತ್ತ ತಿರುಗಿ, “ನೀವೇ ನೋಡಿ, ನಿಮ್ಮ ನಕ್ಷೆ ಇಷ್ಟು ಸ್ಪಷ್ಟವಾಗಿಲ್ದೇ ಇದ್ದಿದ್ರೆ ಇವನ ಕಳ್ಳತನ ಸಿಕ್ತಾನೇ ಇರ್ಲಿಲ್ಲ. ಮುಂದಿನ ವರ್ಷದ ಕೆಲಸಕ್ಕೆ ನಿಮ್ಮ ಹೆಸರು ಹೇಳಿದೀನಿ,” ಎಂದರು. ಬಾಯಿ ಮುಚ್ಚಿಕೊಂಡಿತು. ಅವಳು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು, ಅದು ಸರಿಯಾಗಿಯೇ ಇತ್ತು. ಅವಳ ಮೇಲೆ ಸಿಟ್ಟು ಬರಲೆಂದು ಎರ್ಮೆಸ್ ಕಾದ. ಬರಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೆ ಇನ್ನೂ ಬೇಗ ಮುಚ್ಚುತ್ತಿದ್ದೆ ಅನ್ನಿಸಿತು.

ಅವನು ಬಕೆಟ್ಟಿನಲ್ಲಿದ್ದ ಸ್ಪಂಜನ್ನು ಹಿಂಡಿದ. ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟು, ಮೊದಲು ಮೊಣಕೈಯನ್ನು ಒರೆಸಿದ. ಜೋರಾಗಿ, ಊಟದ ಮೇಜು ಒರೆಸುವ ಹಾಗೆ. ಸ್ಪಂಜು ತಿರುಗಿಸಿ ತೋರಿಸಿದ: ಸ್ವಚ್ಛ. ಹಸಿ ಗಾರೆಯಲ್ಲಿ ಒಂದಾಗಿ ಕಲ್ಲಾದ ಬಣ್ಣ ನೀರಿಗೆ ಬಿಡುವುದಿಲ್ಲ, ಆಮೇಲೆ ತುಂಬಿದ ನೀರುಬಣ್ಣ ಬಿಡುತ್ತದೆ. ಇದು ಅಲ್ಲಿದ್ದ ಪತ್ರಕರ್ತರಿಗೆ ಗೊತ್ತಿರಲಿಲ್ಲ, ಪ್ರೊಫೆಸರರಿಗೆ ಗೊತ್ತಿತ್ತು. ಅವರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. “ಬೇಡ ಕಣೋ,” ಎಂದ ನೇವಿಯೊ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಎರ್ಮೆಸ್ ಬಲಕ್ಕೆ ನಡೆದ. ದೇವದೂತನ ಕೈಯ ಮುಂದೆ ನಿಂತಾಗ, ಇದನ್ನು ತಾನು ಯಾರಿಗಾಗಿ ಮಾಡುತ್ತಿದ್ದೇನೆಂದು ಒಮ್ಮೆ ಕೇಳಿಕೊಂಡ. ಹೆಸರಿಲ್ಲದ ಆ ಕೂಲಿಗಾಗಿಯೋ, ಇಲ್ಲಾ ಈ ಕೈ ನನ್ನದೆಂದು ಈ ನಾಯಿಗಳ ಮುಂದೆ ಕೂಗಿ ಹೇಳುವುದಕ್ಕೋ? ಎರಡನೆಯದೇ ಇರಬೇಕು ಎನ್ನಿಸಿತು. ಇರಲಿ. ಹೆಬ್ಬೆರಳಿನಿಂದ ಶುರುಮಾಡಿದ. ನೆರಳು ಮೊದಲು ಹೋಯಿತು, ಆಮೇಲೆ ಬೆರಳುಗಳು ಒಂದೊಂದಾಗಿ. ಕಂದು ನೀರು ಅವನ ಮುಂಗೈಯಿಂದ ಇಳಿದು ಅಂಗಿಯ ತೋಳಿನೊಳಗೆ ಹರಿಯಿತು. ಕೊನೆಗೆ ಅಂಗೈಯಗಲದ ಬಿಳಿ ಗಾರೆ ಉಳಿಯಿತು. ಒರೆಸುವ ಬಟ್ಟೆ ಗಾಳಿಯಲ್ಲಿ ತಾನಾಗಿಯೇ ನಿಂತಿತ್ತು.

ಅಧ್ಯಕ್ಷೆ ಕಿರುಚಿದಳು. “ನಮ್ಮ ಕೈ! ಅಯ್ಯೋ, ನಮ್ಮ ಕೈ ಹೋಯ್ತು!” ಪತ್ರಕರ್ತರು ಫೋಟೊ ಹೊಡೆಯತೊಡಗಿದರು. ಫಾದರ್ ಪ್ರೀಮೊ ಶಿಲುಬೆಯ ಗುರುತು ಮಾಡಿಕೊಂಡರು, ಯಾವುದಕ್ಕೆ ಎಂದು ಅವರಿಗೇ ತಿಳಿಯದೆ. ಪ್ರೊಫೆಸರರು ಮಾತ್ರ ಅಲುಗಲಿಲ್ಲ. ನಕ್ಷೆಯನ್ನು ಬೆಳಕಿಗೆ ಹಿಡಿದರು. ಕಾಗದದ ಹಿಂಬದಿಯಿಂದ ನೋಡಿದರು. ಮತ್ತೆ ಮಡಚಿ, ಸದ್ದಾಗದಂತೆ, ಕೋಟಿನ ಒಳಜೇಬಿಗೆ ಇಟ್ಟರು. ಹೊಗಳಿಕೆಯ ಒಂದೊಂದು ಮಾತೂ ಅವರಿಗೆ ಈಗ ನೆನಪಾಗುತ್ತಿರುವುದು ಮುಖದ ಮೇಲೆ ಓದುವಷ್ಟು ಸ್ಪಷ್ಟವಾಗಿತ್ತು, ಪತ್ರಕರ್ತರು ಅವನ್ನು ಬರೆದುಕೊಂಡದ್ದೂ.

“ಮೊಣಕೈನ ಸದ್ಯಕ್ಕೆ ಯಾರೂ ಮುಟ್ಬೇಡಿ,” ಎಂದರು ಕೊನೆಗೆ. “ಹಾಗೇ ಇರ್ಲಿ. ಪರಿಶೀಲನೆ ಆಗ್ಲಿ.” ಗಂಟಲು ಸರಿಮಾಡಿಕೊಂಡರು. ಆಮೇಲೆ ಎರ್ಮೆಸ್‌ನ ಹತ್ತಿರ ಬಂದು, ಆಸ್ಪತ್ರೆಯಲ್ಲಿ ರೋಗಿಯನ್ನು ಮಾತಾಡಿಸುವ ದನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಕೇಳಿದರು: “ಒಂದೇ ಮಾತು ಹೇಳಪ್ಪ. ವರದಿ ಬರೀಬೇಕು ನಾನು. ನೀನು ಈಗ ಒರೆಸಿದ ಕೈ ಮಹಾಗುರುವಿನದೋ, ನಿಂದೋ?”

ಮಹಾಗುರುವಿನದು ಎಂದರೆ ಏಳುನೂರೈವತ್ತು ವರ್ಷದ ಕೈಯನ್ನು ಹಾಳುಮಾಡಿದ ಹುಚ್ಚ. ಪ್ರೊಫೆಸರರು ಹೊಗಳಿದ್ದು ಸರಿ. ನನ್ನದು ಎಂದರೆ ಗೆರೆ ಎಳೆಯದೆ ವಂಚಿಸಿದ ಕಳ್ಳ. ಪ್ರೊಫೆಸರರು ಅವನನ್ನು ಹಿಡಿದದ್ದೂ ಸರಿ. ಎರಡು ಬಾಗಿಲು ತೆರೆದು ನಿಂತಿದ್ದರು, ಎರಡರ ಹಿಂದೆಯೂ ಅವರೇ. ಲುದೊವಿಕಾ ಅಳುತ್ತಿದ್ದಳು. ನೇವಿಯೊ, “ಹೇಳೋ, ಏನಾದ್ರೂ ಹೇಳೋ,” ಎಂದು ಬೇಡುತ್ತಿದ್ದ. ನನ್ನದು ಎನ್ನುವ ಪದ ಎರ್ಮೆಸ್‌ನ ನಾಲಿಗೆಯ ತುದಿಗೆ ಬಂದು ಕೂತಿತ್ತು, ಬೆಳಗಿನಿಂದಲ್ಲ, ಜೂನ್ ತಿಂಗಳಿನಿಂದ. ಪತ್ರಕರ್ತರು ಪೆನ್ನು ಎತ್ತಿ ಹಿಡಿದಿದ್ದರು.

ಎರ್ಮೆಸ್ ಸ್ಪಂಜನ್ನು ಬಕೆಟ್ಟಿಗೆ ಹಾಕಿ, ಪ್ರೊಫೆಸರರ ಹೆಗಲಿಗೆ ತಾಗದಂತೆ ಮಗ್ಗುಲಾಗಿ ಜರುಗಿ, ಏಣಿಯ ಮೇಲೆ ಕಾಲಿಟ್ಟು ಇಳಿಯತೊಡಗಿದ.